ಬಿಪಿ ಏರಿ ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಮಾಡಬೇಕಾದದ್ದು

ಕಳೆದ ಬೇಸಿಗೆಯಲ್ಲಿ ಗಿರಾಕಿಯ ರವಿಕೆಗೆ ತೋಳು ಕೂಡಿಸುತ್ತ ಕುಳಿತಿದ್ದಾಗ ಸೂಜಿಯೇ ಕಾಣದಷ್ಟು ಕಣ್ಣು ಮಂಜಾಯಿತು. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ 200/110. ಎರಡು ದಿನ ಇಟ್ಟುಕೊಂಡು, ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ ಎಂದು ಕಳುಹಿಸಿದರು. ಕಡಿಮೆ ಎಂದರೆ ಎಷ್ಟು, ಹೇಗೆ? ಕಲಬುರಗಿಯ ನಮ್ಮ ಅಡುಗೆಮನೆಯಲ್ಲಿ ನಾನು ಅದನ್ನು ಮಾಡಿ ಮಾಡಿ ಕಲಿತೆ.

ಮೊದಲು ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಮಟ್ಟಸವಾಗಿ ತುಂಬಿದ ಒಂದು ಚಹಾ ಚಮಚಕ್ಕೂ ಕಡಿಮೆ. ನಾವು ನಾಲ್ವರು. ಬೆಳಿಗ್ಗೆ ಮೂರು ಚಮಚ ಉಪ್ಪನ್ನು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ದೊಡ್ಡ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿಬಿಡುತ್ತೇನೆ. ನನಗೊಬ್ಬಳಿಗೇ ಬೇರೆ ಅಡುಗೆ ಬೇಡ. ಮನೆಯವರೆಲ್ಲ ಅದನ್ನೇ ಉಂಡರೆ ಒಳ್ಳೆಯದೇ.

ನಮ್ಮ ಜೋಳದ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ. ಅದು ದೊಡ್ಡ ಪುಣ್ಯ. ಉಪ್ಪು ಬರುವುದು ತಟ್ಟೆಯ ಅಂಚಿನಿಂದ: ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ. ಮೊದಲೆರಡನ್ನು ಬಿಟ್ಟೆ, ಹಿಂಡಿ ಬಿಡಲಾಗಲಿಲ್ಲ. ಒಂದು ಬಟ್ಟಲು ಹುರಿದ ಶೇಂಗಾಕ್ಕೆ ಎಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ಖಾರದ ಪುಡಿ, ಚೂರು ಒಣ ಹುಣಸೆ ಸೇರಿಸಿ ಎಣ್ಣೆ ಬಿಡುವವರೆಗೆ ಕುಟ್ಟಿ. ಉಪ್ಪು ಬೇಡ. ಬೆಳ್ಳುಳ್ಳಿ, ಹುಳಿ ಎರಡೂ ಸೇರಿ ನಾಲಿಗೆಯನ್ನು ಒಪ್ಪಿಸುತ್ತವೆ. ಪುಂಡಿ ಪಲ್ಯವೂ ಹುಳಿಯೇ, ಅರ್ಧ ಉಪ್ಪು ಸಾಕು. ನಾಲಿಗೆ ಒಗ್ಗಲು ನನಗೆ ಒಂದು ತಿಂಗಳು ಹಿಡಿಯಿತು.

ಸೋಡಿಯಂ ಕಡಿಮೆ ಇರುವ ಉಪ್ಪನ್ನು ವೈದ್ಯರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ. ಬಿಪಿ ಇಳಿಯಿತೆಂದು ಮಾತ್ರೆಯನ್ನೂ ನಿಲ್ಲಿಸಬೇಡಿ.

ಊಟಕ್ಕಿಂತ ಕಷ್ಟ ಭಯದ್ದು. ಬಿಪಿ ಯಂತ್ರ ತಂದ ಹೊಸದರಲ್ಲಿ ದಿನಕ್ಕೆ ಹತ್ತು ಹನ್ನೆರಡು ಸಲ ಪಟ್ಟಿ ಸುತ್ತಿಕೊಳ್ಳುತ್ತಿದ್ದೆ. ಹೆದರಿ ನೋಡಿದರೆ ಏರಿಯೇ ಇರುತ್ತದೆ, ನೋಡಿ ಇನ್ನಷ್ಟು ಹೆದರುತ್ತೇವೆ. ಈಗ ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ. ಚಹಾ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತು, ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡುತ್ತೇನೆ. ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು, ಯಂತ್ರವನ್ನು ಮಗಳ ಕೈಗೆ ಕೊಡುತ್ತೇನೆ. ಅವಳು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ.

ನಡುರಾತ್ರಿ ಎದೆ ಹೊಡೆದುಕೊಂಡರೆ ಇಷ್ಟು ಕೇಳಿಕೊಳ್ಳಿ: ಎದೆ ಹಿಂಡುತ್ತಿದೆಯೇ, ಉಸಿರು ಕಟ್ಟುತ್ತಿದೆಯೇ, ಒಂದು ಕಡೆಯ ಕೈಕಾಲು ಸೋತಿದೆಯೇ, ಮಾತು ತೊದಲುತ್ತಿದೆಯೇ? ಒಂದಕ್ಕೆ ಹೌದೆಂದರೂ ಯಂತ್ರ ಹುಡುಕದೆ 108ಕ್ಕೆ ಕರೆ ಮಾಡಿ. ಯಾವುದೂ ಇಲ್ಲದಿದ್ದರೂ ನಾನು ಮಗಳನ್ನು ಎಬ್ಬಿಸುತ್ತೇನೆ. ಕತ್ತಲಲ್ಲಿ ಒಬ್ಬಳೇ ಕೂರುವುದಿಲ್ಲ.

ಮದುವೆ ಊಟದಲ್ಲಿ "ಒಂದು ದಿನ ತಿಂದರೆ ಏನಾಗುತ್ತದೆ ಅಕ್ಕಾ" ಎನ್ನುವವರು ಇದ್ದೇ ಇರುತ್ತಾರೆ. ನನ್ನ ಹಿಂಡಿಯ ಪೊಟ್ಟಣವನ್ನು ಬಿಚ್ಚಿ ಅವರ ಎಲೆಗೂ ಒಂದಿಷ್ಟು ಹಾಕುತ್ತೇನೆ.