ರೇಡ್‌ನಲ್ಲಿ ಎಸ್‌ಎಸ್‌ಡಿ ನಿಧಾನವಾದರೆ ಎಲ್ಲಿಂದ ಹುಡುಕಬೇಕು

ನಾಲ್ಕು ಸಾಟಾ ಎಸ್‌ಎಸ್‌ಡಿ ಹಾಕಿ ರೇಡ್ 10 (ಡಿಸ್ಕ್‌ಗಳನ್ನು ಕನ್ನಡಿ ಜೋಡಿಗಳಾಗಿ ಸೇರಿಸಿ ಒಂದೇ ಆಗಿ ಬಳಸುವ ಅರೇ) ಕಟ್ಟಿದ ಲಿನಕ್ಸ್ ಸರ್ವರ್. ದೊಡ್ಡ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 900 ಎಂಬಿ ಬರುತ್ತದೆ, ಡೇಟಾಬೇಸ್ ಮಾತ್ರ ತೆವಳುತ್ತದೆ. ಇವೆರಡೂ ಒಟ್ಟಿಗೆ ಕಂಡರೆ ಕಂಟ್ರೋಲರನ್ನು (ರೇಡ್ ನಡೆಸುವ ಕಾರ್ಡನ್ನು) ಬೈಯುವ ಮೊದಲು ಡಿಸ್ಕಿನ ಮಾಡೆಲ್ ನಂಬರ್ ಓದಿ.

ಮೊದಲ ಕೆಲಸ ಸರಿಯಾಗಿ ಅಳೆಯುವುದು. ಡಿಡಿ ಕಮಾಂಡ್ ತೋರಿಸುವ ಅಂಕಿ ಬಹುಪಾಲು ರ್‍ಯಾಮಿನದು, ಅದನ್ನು ನಂಬಬೇಡಿ. ಡಿಸ್ಕಿನ ವೇಗ ಅಳೆಯುವ ಎಫ್‌ಐಒ ಎಂಬ ಸಾಧನ ಬಳಸಿ: ಬ್ಲಾಕ್ ಗಾತ್ರ 4 ಕೆಬಿ, ರೈಟ್, ಡೈರೆಕ್ಟ್ 1, ಸಿಂಕ್ 1, ಐಒ ಡೆಪ್ತ್ 1, ಜಾಬ್ 1, ಅವಧಿ 60 ಸೆಕೆಂಡ್. ಪರೀಕ್ಷೆಯನ್ನು ಫೈಲ್ ಮೇಲೆ ನಡೆಸಿ. ಕಚ್ಚಾ ಡಿವೈಸ್ ಹೆಸರು ಕೊಟ್ಟರೆ ಅದರಲ್ಲಿದ್ದ ಡೇಟಾ ಅಳಿಸಿಹೋಗುತ್ತದೆ.

ಫಲಿತಾಂಶ ಕೆಲವು ನೂರು ಅಥವಾ ಒಂದೆರಡು ಸಾವಿರ ಐಒಪಿಎಸ್ (ಸೆಕೆಂಡಿಗೆ ನಡೆಯುವ ಓದು-ಬರಹಗಳ ಸಂಖ್ಯೆ) ಬಂದರೆ, ಬಹುತೇಕ ಅದು ಪವರ್ ಲಾಸ್ ಪ್ರೊಟೆಕ್ಷನ್ (ಕರೆಂಟ್ ಹೋದಾಗ ಡೇಟಾ ಕಾಯುವ ವ್ಯವಸ್ಥೆ) ಇಲ್ಲದ ಡೆಸ್ಕ್‌ಟಾಪ್ ಡಿಸ್ಕ್. ಡೇಟಾಬೇಸ್ ಪ್ರತಿ ಕಮಿಟ್‌ಗೂ (ಬದಲಾವಣೆ ಖಾಯಂ ಮಾಡುವಾಗಲೂ) ಫ್ಲಶ್, ಅಂದರೆ ಡೇಟಾ ಭದ್ರವಾಗಿ ಬರೆದಿಡುವಂತೆ, ಕೇಳುತ್ತದೆ. ಇಂಥ ಡಿಸ್ಕ್ ಪ್ರತಿ ಸಲವೂ ಡೇಟಾವನ್ನು ಫ್ಲ್ಯಾಶ್ ಚಿಪ್ಪಿಗೆ ಇಳಿಸಿದ ಮೇಲೆಯೇ 'ಆಯಿತು' ಎನ್ನಬೇಕು. ಸರ್ವರ್ ದರ್ಜೆಯ ಡಿಸ್ಕಿನಲ್ಲಿ ಕರೆಂಟ್ ಹೋದರೂ ಕೆಲಸ ಮುಗಿಸುವಷ್ಟು ಚಾರ್ಜ್ ಹಿಡಿದಿಡುವ ಕೆಪ್ಯಾಸಿಟರ್‌ಗಳಿರುತ್ತವೆ. ಹಾಗಾಗಿ ಡೇಟಾ ತನ್ನ ಕ್ಯಾಶ್‌ಗೆ ಬಂದ ಕೂಡಲೇ ಅದು ಉತ್ತರ ಕೊಡುತ್ತದೆ, ಇದೇ ಪರೀಕ್ಷೆಯಲ್ಲಿ 10,000 ದಾಟುವುದು ಸಾಮಾನ್ಯ. ಈ ಅಂತರವನ್ನು ಸೆಟ್ಟಿಂಗ್ ತಿರುಗಿಸಿ ತುಂಬಲಾಗದು. ಕಂಟ್ರೋಲರಿನಲ್ಲಿ ಡಿಸ್ಕ್ ಕ್ಯಾಶ್ ಆನ್ ಮಾಡಿದರೆ ವೇಗವೇನೋ ಬಂದೀತು. ಕರೆಂಟ್ ಹೋದ ದಿನ ಡೇಟಾಬೇಸ್ ಕೆಟ್ಟು ಕೂರಬಹುದು.

ಎರಡನೇ ಮೋಸ ಎಸ್‌ಎಲ್‌ಸಿ ಕ್ಯಾಶ್, ಅಂದರೆ ಡಿಸ್ಕಿನೊಳಗಿನ ವೇಗದ ತಾತ್ಕಾಲಿಕ ಜಾಗ. ಒಂದು ಕೋಶದಲ್ಲಿ ಮೂರು, ನಾಲ್ಕು ಬಿಟ್ ತುಂಬುವ ಟಿಎಲ್‌ಸಿ, ಕ್ಯೂಎಲ್‌ಸಿ ಡಿಸ್ಕ್‌ಗಳು ಮೊದಲ ಕೆಲವು ಜಿಬಿಯನ್ನು ವೇಗವಾಗಿ ನುಂಗಿ, ಕ್ಯಾಶ್ ತುಂಬಿದ ಮೇಲೆ ಕುಸಿಯುತ್ತವೆ. ಒಂದು ನಿಮಿಷದ ಪರೀಕ್ಷೆಯಲ್ಲಿ ಇದು ಕಾಣದು. ಹದಿನೈದು ನಿಮಿಷ ಸತತವಾಗಿ ಬರೆಸಿ ನೋಡಿ.

ಆಮೇಲೆ ಒಂದೊಂದೇ ಡಿಸ್ಕ್ ನೋಡಿ. ಲೋಡ್ ಇರುವಾಗ 'ಐಒಸ್ಟ್ಯಾಟ್ -ಎಕ್ಸ್ 1' ಓಡಿಸಿ ರೈಟ್ ಅವೇಟ್ ಕಾಲಂ (ಒಂದು ರೈಟ್ ಮುಗಿಯಲು ಹಿಡಿದ ಸಮಯ) ಗಮನಿಸಿ. ಮೂರು ಡಿಸ್ಕ್ 1 ಮಿಲಿಸೆಕೆಂಡ್, ನಾಲ್ಕನೆಯದು 40 ಎಂದರೆ ಅರೇ ಪೂರ್ತಿ ಅದೊಂದಕ್ಕಾಗಿ ಕಾಯುತ್ತಿದೆ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ ಕಮಾಂಡಿನಲ್ಲಿ ಸಾಟಾ ವರ್ಷನ್ ಸಾಲು ಓದಿ: 6.0 ಗಿಗಾಬಿಟ್ ಎಂದಿದ್ದು 'ಕರೆಂಟ್ 3.0' ಎಂದು ತೋರಿಸಿದರೆ ಆ ಡಿಸ್ಕ್ ಸೆಕೆಂಡಿಗೆ 270 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ. 199ನೇ ಅಂಶವಾದ ಸಿಆರ್‌ಸಿ ದೋಷದ (ಡೇಟಾ ಸಾಗಣೆಯಲ್ಲಿನ ತಪ್ಪುಗಳ) ಎಣಿಕೆ ಏರುತ್ತಿದ್ದರೆ ಮೊದಲು ಕೇಬಲ್ ಅಥವಾ ಬ್ಯಾಕ್‌ಪ್ಲೇನ್ ಸ್ಲಾಟ್ ಬದಲಿಸಿ. ಡಿಸ್ಕ್ ಪಾಪ ನಿರಪರಾಧಿ ಇರಬಹುದು. ಮೆಗಾರೇಡ್ ಎಂಬ ಹಾರ್ಡ್‌ವೇರ್ ರೇಡ್ ಕಾರ್ಡಿನ ಹಿಂದಿರುವ ಡಿಸ್ಕಿಗೆ ಇದೇ ಕಮಾಂಡಿನಲ್ಲಿ '-ಡಿ ಮೆಗಾರೇಡ್' ಜೊತೆ ಡಿವೈಸ್ ಸಂಖ್ಯೆ ಕೊಡಬೇಕು.

ಹೊಸದರಲ್ಲಿ ಓಡಿ ತಿಂಗಳುಗಳ ನಂತರ ಸೋತರೆ ಟ್ರಿಮ್ (ಅಳಿಸಿದ ಜಾಗ ಖಾಲಿ ಎಂದು ಡಿಸ್ಕಿಗೆ ತಿಳಿಸುವ ಆದೇಶ) ನೋಡಿ. 'ಎಲ್‌ಎಸ್‌ಬಿಎಲ್‌ಕೆ -ಡಿ'ಯಲ್ಲಿ (ಡಿ ದೊಡ್ಡಕ್ಷರ) ಡಿಸ್ಕಾರ್ಡ್ ಕಾಲಂಗಳು 0 ಇದ್ದರೆ ಟ್ರಿಮ್ ಡಿಸ್ಕಿಗೆ ತಲುಪುತ್ತಿಲ್ಲ. ಹೆಚ್ಚಿನ ಹಾರ್ಡ್‌ವೇರ್ ರೇಡ್ ಕಾರ್ಡ್‌ಗಳಲ್ಲಿ ಸಾಟಾ ಡಿಸ್ಕಿನ ಕತೆ ಇದೇ. ಲಿನಕ್ಸಿನ ಸಾಫ್ಟ್‌ವೇರ್ ರೇಡ್ 0, 1, 10ರಲ್ಲಿ ಟ್ರಿಮ್ ಹಾದುಹೋಗುತ್ತದೆ. 5 ಮತ್ತು 6ರಲ್ಲಿ ಅದನ್ನು ಬೇಕೆಂದೇ ಮುಚ್ಚಿಟ್ಟಿದ್ದಾರೆ. ಟ್ರಿಮ್ ಆದ ಜಾಗ ಓದಿದಾಗ ಡಿಸ್ಕ್ ಖಚಿತವಾಗಿ ಸೊನ್ನೆ ಕೊಡದಿದ್ದರೆ ಪ್ಯಾರಿಟಿ (ಹಾಳಾದ ಡಿಸ್ಕಿನ ಡೇಟಾ ಮರಳಿ ಪಡೆಯಲು ಇಟ್ಟ ಲೆಕ್ಕ) ತಪ್ಪುತ್ತದೆ. ಟ್ರಿಮ್ ಇಲ್ಲದ ಕಡೆ ಉಪಾಯ ಒಂದೇ: ಡಿಸ್ಕ್‌ಗಳನ್ನು ಸೆಕ್ಯೂರ್ ಇರೇಸ್ (ಪೂರ್ತಿ ಅಳಿಸುವಿಕೆ) ಮಾಡಿ, ಡಿಸ್ಕಿಗೆ ಬಿಡುವಿನ ಜಾಗ ಉಳಿಯುವಂತೆ ವರ್ಚುವಲ್ ಡ್ರೈವನ್ನೇ (ಕಾರ್ಡ್ ಕಟ್ಟಿ ತೋರಿಸುವ ಅರೇಯನ್ನೇ) ಶೇ. 10ರಿಂದ 20 ಚಿಕ್ಕದಾಗಿ ಕಟ್ಟಿ. ಪಾರ್ಟಿಷನ್ ಮಾತ್ರ ಚಿಕ್ಕದು ಮಾಡಿದರೆ ಸಾಲದು, ರೀಬಿಲ್ಡ್ ನಡೆದಾಗ ಖಾಲಿ ಜಾಗವೂ ತುಂಬಿಹೋಗುತ್ತದೆ.

ರೇಡ್ 5ರಲ್ಲಿ ಒಂದು ಸಣ್ಣ ರೈಟ್‌ಗೆ ನಾಲ್ಕು ಐಒ: ಹಳೇ ಡೇಟಾ, ಹಳೇ ಪ್ಯಾರಿಟಿ ಓದು, ಹೊಸ ಡೇಟಾ, ಹೊಸ ಪ್ಯಾರಿಟಿ ಬರೆ. ರೇಡ್ 6ರಲ್ಲಿ ಆರು, ರೇಡ್ 10ರಲ್ಲಿ ಎರಡೇ. ಡೇಟಾಬೇಸಿಗೆ 10 ಇರಲಿ. 5 ಬಿಡಲಾಗದಿದ್ದರೆ ಸಾಫ್ಟ್‌ವೇರ್ ರೇಡಿನ ಸ್ಟ್ರೈಪ್ ಕ್ಯಾಶ್ ಗಾತ್ರವನ್ನು 256ರಿಂದ 8192ಕ್ಕೆ ಏರಿಸಿ (ನಾಲ್ಕು ಡಿಸ್ಕಿಗೆ 128 ಎಂಬಿ ರ್‍ಯಾಮ್ ಹೋಗುತ್ತದೆ), ಗ್ರೂಪ್ ಥ್ರೆಡ್ ಕೌಂಟ್ (ಒಟ್ಟಿಗೆ ದುಡಿಯುವ ಥ್ರೆಡ್‌ಗಳ ಸಂಖ್ಯೆ) 4 ಮಾಡಿ ಮತ್ತೆ ಅಳೆಯಿರಿ.

ಮೆಗಾರೇಡ್ ಕಾರ್ಡಿನಲ್ಲಿ ಸರ್ವರ್ ದರ್ಜೆಯ ಎಸ್‌ಎಸ್‌ಡಿಗೆ ರೈಟ್ ಥ್ರೂ (ಕಾರ್ಡಿನ ಕ್ಯಾಶ್‌ನಲ್ಲಿ ನಿಲ್ಲಿಸದೆ ನೇರ ಡಿಸ್ಕಿಗೆ ಬರೆಯುವುದು), ನೋ ರೀಡ್ ಅಹೆಡ್, ಡೈರೆಕ್ಟ್ ಐಒ ಇಟ್ಟರೆ ಫಾಸ್ಟ್‌ಪಾತ್ ಎಂಬ ವೇಗದ ದಾರಿ ಕೆಲಸ ಮಾಡುತ್ತದೆ. ರೈಟ್ ಬ್ಯಾಕ್ (ಮೊದಲು ಕಾರ್ಡಿನ ಕ್ಯಾಶ್‌ಗೆ ಬರೆಯುವುದು) ಇಟ್ಟಿದ್ದ ಅರೇಯ ವೇಗ ಇದ್ದಕ್ಕಿದ್ದಂತೆ ಬಿದ್ದರೆ ಕಾರ್ಡಿನ ಬ್ಯಾಟರಿ ನೋಡಿ. ಅದು ಸತ್ತಾಗ ಕಾರ್ಡ್ ಸದ್ದಿಲ್ಲದೆ ರೈಟ್ ಥ್ರೂಗೆ ಇಳಿಯುತ್ತದೆ. ತಿಂಗಳ ಮೊದಲ ಭಾನುವಾರ ಮಾತ್ರ ನಿಧಾನವೇ? ಡೆಬಿಯನ್‌ನಲ್ಲಿ ಅದು ಅರೇ ತಪಾಸಣೆಯ ದಿನ, ಸಾಫ್ಟ್‌ವೇರ್ ರೇಡಿನ ಸ್ಥಿತಿ ಹೇಳುವ ಎಂಡಿಸ್ಟ್ಯಾಟ್ ಫೈಲಿನಲ್ಲಿ ಕಾಣುತ್ತದೆ.

ಕೊನೆಗೆ ಡಿಸ್ಕ್ ಬದಲಿಸಲೇಬೇಕಾದರೆ ಲಿನಕ್ಸ್ ಸಾಫ್ಟ್‌ವೇರ್ ರೇಡ್ ನಿಭಾಯಿಸುವ ಎಂಡಿಎಡಿಎಂನ 'ರಿಪ್ಲೇಸ್' ಆಯ್ಕೆ ಬಳಸಿ. ಹಳೆಯದನ್ನು ಕಿತ್ತುಹಾಕದೆಯೇ ಹೊಸದಕ್ಕೆ ನಕಲಾಗುತ್ತದೆ. ಒಂದೊಂದಾಗಿ ಮಾಡಿ, ಪ್ರತಿ ಸಲ ಸಿಂಕ್ ಮುಗಿಯಲಿ. ಕನ್ನಡಿ ಜೋಡಿಯಲ್ಲಿ ಹಳೇ ಡಿಸ್ಕ್ ಒಂದು ಉಳಿದಿದ್ದರೂ ರೈಟ್ ಅದರ ವೇಗದಲ್ಲೇ ನಡೆಯುತ್ತದೆ, ಅರ್ಧ ದಾರಿಯಲ್ಲಿ ಅಳೆದು ನಿರಾಶರಾಗಬೇಡಿ. ಕೊಳ್ಳುವ ಮುನ್ನ ಗಾತ್ರ ನೋಡಿ: ಡೆಸ್ಕ್‌ಟಾಪ್ ಡಿಸ್ಕ್ 500 ಜಿಬಿ ಇದ್ದು ಸರ್ವರ್ ಡಿಸ್ಕ್ 480 ಜಿಬಿ ತಂದರೆ ಅರೇ ಅದನ್ನು ಸೇರಿಸಿಕೊಳ್ಳುವುದೇ ಇಲ್ಲ, 500 ಜಿಬಿಗಿಂತ ಚಿಕ್ಕದಲ್ಲದ್ದು, ಉದಾಹರಣೆಗೆ 960 ಜಿಬಿಯದು, ತರಬೇಕು.