ಕೋಟೆ ಬಂಡೆಯ ಓತಿಕ್ಯಾತ ಇಗುವಾನಾಕ್ಕೆ ಏನಾಗಬೇಕು?

ದೊಡ್ಡ ಉಡ ಕಂಡ ಕೂಡಲೇ ‘ಇಗುವಾನಾ (ಅಮೆರಿಕ ಖಂಡಗಳ ದೊಡ್ಡ ಸರೀಸೃಪ) ಬಂದಿದೆ’ ಎಂದು ಫೋಟೊ ಹರಿಬಿಡುವವರಿದ್ದಾರೆ. ಗಾತ್ರ ನೋಡಿ ನೆಂಟಸ್ತಿಕೆ ಕಟ್ಟಿದರೆ ಹೀಗೇ ಆಗುವುದು. ಇಗುವಾನಾದ ಹತ್ತಿರದ ಬಂಧು ಉಡವಲ್ಲ, ಚಿತ್ರದುರ್ಗದ ಕೋಟೆ ಬಂಡೆಯ ಮೇಲೆ ತಲೆ ಕುಣಿಸುವ ಓತಿಕ್ಯಾತ.

ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಹೋಗಿ. ಬಂಡೆ ಕಾದರೆ ಸಂದಿ ಸೇರಿಬಿಡುತ್ತವೆ. ಹಿಡಿಯಬೇಡಿ, ದೂರದಿಂದಲೇ ದುರ್ಬೀನಿನಲ್ಲಿ ನೋಡಿ. ಕಣ್ಣಿಗೆ ರೆಪ್ಪೆ ಇಲ್ಲದಿದ್ದರೆ ಮನೆಹಲ್ಲಿಯ ಬಳಗ. ರೆಪ್ಪೆ ಇದ್ದು, ಮೈ ಎಣ್ಣೆ ಸವರಿದಂತೆ ಹೊಳೆದರೆ ಹಾವುರಾಣಿ. ನಾಲಿಗೆ ಹಾವಿನದರಂತೆ ಸೀಳಿದ್ದರೆ ಉಡ. ದಪ್ಪ ನಾಲಿಗೆ ಚಾಚಿ ಇರುವೆಯನ್ನು ಅಂಟಿಸಿಕೊಂಡು ತಿಂದರೆ ಅದು ಇಗುವಾನಿಯಾ ಗುಂಪಿನದು, ಅಂದರೆ ಓತಿಕ್ಯಾತ, ಗೋಸುಂಬೆ, ಇಗುವಾನಾಗಳ ಬಳಗದ್ದು.

ದಾವಣಗೆರೆ ಕಡೆಯ ಅಡಿಕೆ ತೋಟದ ಬೇಲಿಯಲ್ಲಿ ಸಿಗುವ ಓತಿಕ್ಯಾತಕ್ಕೆ ಕಿವಿಯ ಮೇಲ್ಗಡೆ ಎರಡು ಪುಟ್ಟ ಮುಳ್ಳುಗೊಂಚಲು, ಗಂಡಿಗೆ ಕತ್ತಿನ ಮೇಲೆ ಜುಟ್ಟು. ಬಂಡೆಯದಕ್ಕೆ ಅಂಥ ಜುಟ್ಟಿಲ್ಲ, ಹುರುಪೆಗಳೂ ಸಣ್ಣವು. ಕುರುಚಲು ಬಯಲಲ್ಲಿ ಗಂಟಲ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುವ ಓತಿಕ್ಯಾತದ ಹಿಂಗಾಲಿನ ಬೆರಳೆಣಿಸಿ: ನಾಲ್ಕೇ. ಗೋಸುಂಬೆಯ ಬೆರಳುಗಳು ಎರಡು–ಮೂರರ ಕಟ್ಟುಗಳಾಗಿ ಇಕ್ಕಳದಂತಿರುತ್ತವೆ. ಬಣ್ಣ ಮಾತ್ರ ನಂಬಬೇಡಿ. ಬೆದೆಗಾಲದಲ್ಲಿ ಕೆಂಪು–ಕಪ್ಪಾಗಿ ಮೆರೆಯುವ ಬಂಡೆಯ ಗಂಡು, ಹೆದರಿದರೆ ನಿಮಿಷಗಳಲ್ಲೇ ಮಾಸುತ್ತದೆ. ಅದರ ಕಂದು ಹೆಣ್ಣನ್ನು ಬೇರೆಯೇ ಜಾತಿ ಎಂದು ಬರೆದುಕೊಂಡವರು ಎಷ್ಟೋ.

ಗಟ್ಟಿ ಸಾಕ್ಷಿ ಹಲ್ಲಿನದು. ರಸ್ತೆಯಲ್ಲಿ ಸತ್ತು ಒಣಗಿದ ಓತಿಕ್ಯಾತದ ದವಡೆಯನ್ನು 10 ಪಟ್ಟು ಭೂತಗನ್ನಡಿಯಲ್ಲಿ ನೋಡಿ. ಹಲ್ಲುಗಳು ಮೂಳೆಯ ಅಂಚಿಗೇ ಬೆಸೆದುಕೊಂಡಿರುತ್ತವೆ, ಸವೆದರೆ ಹೊಸದು ಬರುವುದಿಲ್ಲ. ಓತಿಕ್ಯಾತ, ಗೋಸುಂಬೆ ಎರಡದ್ದೂ ಹೀಗೇ. ಇಗುವಾನಾಕ್ಕೆ ದವಡೆಯ ಒಳಗೋಡೆಗೆ ಅಂಟಿದ ಹಲ್ಲು, ಬಿದ್ದರೆ ಮತ್ತೆ ಮೊಳೆಯುತ್ತದೆ. ಎಡವುವುದು ಎಲ್ಲೆಂದರೆ, ಓತಿಕ್ಯಾತದ ಮುಂಭಾಗದ ಕೋರೆಯಂಥ ಕೆಲವು ಹಲ್ಲುಗಳೂ ಒಳಗೋಡೆಗೇ ಅಂಟಿರುತ್ತವೆ. ಹಾಗಾಗಿ ದವಡೆಯ ಹಿಂಭಾಗವನ್ನೇ ನೋಡಬೇಕು. ಉಡದ ಬುರುಡೆ ಸಿಕ್ಕರೆ ಅಲ್ಲೇ ಬಿಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಅದು.

ಇನ್ನು ವಂಶವೃಕ್ಷ. ನಾಲಿಗೆಯಿಂದ ಬೇಟೆ ಹಿಡಿಯುವುದನ್ನು ನೋಡಿ ಹಿಂದಿನವರು ಇಗುವಾನಿಯಾವನ್ನು ಬುಡದಲ್ಲೇ ಬೇರೆ ಮಾಡಿದ್ದರು. ಡಿಎನ್‌ಎ ಅದನ್ನು ತಲೆಕೆಳಗು ಮಾಡಿತು. ಆದ್ದರಿಂದ ಕಾಂಡದಿಂದ ಮೊದಲು ಮನೆಹಲ್ಲಿಯ ಕವಲು ಎಳೆಯಿರಿ, ಆಮೇಲೆ ಹಾವುರಾಣಿಯದು. ಉಳಿದ ತುದಿಯಿಂದ ಹಾವು, ಉಡ, ಇಗುವಾನಿಯಾ ಎಂದು ಮೂರು ಗೆರೆ. ಅಂದರೆ ಓತಿಕ್ಯಾತಕ್ಕೆ ಗೋಡೆಯ ಹಲ್ಲಿಗಿಂತ ನಾಗರಹಾವೇ ಹತ್ತಿರದ್ದು! ಇಗುವಾನಿಯಾ ಗೆರೆಯನ್ನು ಹಲ್ಲಿನ ಪ್ರಕಾರ ಎರಡಾಗಿ ಸೀಳಿ: ಒಂದರಲ್ಲಿ ಓತಿಕ್ಯಾತ–ಗೋಸುಂಬೆ, ಇನ್ನೊಂದರಲ್ಲಿ ಇಗುವಾನಾ. ಬೀಸಣಿಗೆ ಗಂಟಲಿನದನ್ನು ಇಗುವಾನಾದ ಪಕ್ಕಕ್ಕೆ ಎಳೆಯಬೇಡಿ. ಗಂಟಲ ಜೋಲು ಎರಡೂ ಕಡೆ ಪ್ರತ್ಯೇಕವಾಗಿ ಬಂದದ್ದು.

ಹಳೆಯ ಪುಸ್ತಕ ತೆರೆದರೆ ಇಸವಿ ನೋಡಿ. 1989ರಲ್ಲಿ ಸರೀಸೃಪ ತಜ್ಞರಾದ ಫ್ರಾಸ್ಟ್ ಮತ್ತು ಎಥೆರಿಡ್ಜ್ ಹಳೆಯ ಇಗುವಾನಿಡೇಯನ್ನು (ಇಗುವಾನಾದ ಕುಟುಂಬ) ಎಂಟು ಕುಟುಂಬಗಳಾಗಿ ಒಡೆದರು. ಅದಕ್ಕೂ ಮುಂಚಿನ ‘ಇಗುವಾನಿಡೇ’ಯಲ್ಲಿ ಅಮೆರಿಕ ಖಂಡಗಳ ಅನೋಲ್, ಕೊಂಬಿನ ಹಲ್ಲಿಗಳೂ ಸೇರಿದ್ದವು. ಊರು ನೋಡಿ ಕವಲು ಹಂಚುವುದೂ ಸಲ್ಲ. ಮಡಗಾಸ್ಕರ್‌ನ ಓಪ್ಲೂರಸ್ ಎಂಬ ಸರೀಸೃಪ ಗೋಸುಂಬೆಗಳ ನಾಡಿನಲ್ಲೇ ಇದ್ದರೂ ಅದನ್ನು ಬರೆಯಬೇಕಾದದ್ದು ಇಗುವಾನಾದ ಕಡೆಗೆ.