ನಿಮ್ಮ ಡಾಟ್ ಇನ್ ಯಾರ ಹೆಸರಿನಲ್ಲಿದೆ?

ಅಂಗಡಿಗೋ ಸಂಘಕ್ಕೋ ವೆಬ್‌ಸೈಟ್ ಮಾಡಿಸುವವರು ‘ಡೊಮೇನ್ ಕೊಂಡೆವು’ ಎನ್ನುತ್ತಾರೆ. ಡೊಮೇನ್ ಎಂದರೆ ಸೈಟಿನ ವಿಳಾಸದ ಹೆಸರು. ಅಸಲಿಗೆ ಅದನ್ನು ಯಾರೂ ಮಾರುವುದಿಲ್ಲ. ಒಂದರಿಂದ ಹತ್ತು ವರ್ಷದ ಅವಧಿಗೆ ಹೆಸರನ್ನು ನಿಮಗೆ ಬರೆದುಕೊಡುತ್ತಾರೆ, ಅಷ್ಟೆ. ಬರೆದುಕೊಟ್ಟಿದ್ದು ನಿಮಗೇ ಹೌದೋ ಎಂದು ನೋಡುವವರು ಕಡಿಮೆ. ಮುಖಪುಟದ ಬಣ್ಣಕ್ಕೆ ವಾರಗಟ್ಟಲೆ ಚರ್ಚೆ ನಡೆಸುವವರು ಹೆಚ್ಚು.

ಮೊದಲು ವಿಳಾಸವನ್ನು ಹಿಂದಿನಿಂದ ಓದುವುದನ್ನು ರೂಢಿಸಿಕೊಳ್ಳಿ. ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಟೈಪಿಸಿದರೆ ಕಂಪ್ಯೂಟರ್ ಹುಡುಕಾಟ ಶುರು ಮಾಡುವುದು ಬಲತುದಿಯಿಂದ. ‘ಇನ್’ ಯಾರ ಸುಪರ್ದಿಯಲ್ಲಿದೆ ಎಂದು ಎಲ್ಲ ವಿಳಾಸಗಳ ಮೂಲಪಟ್ಟಿ ಇರುವ ರೂಟ್ ಸರ್ವರ್ ಹೇಳುತ್ತದೆ, ಆಮೇಲೆ ‘ಗವ್’, ಕೊನೆಗೆ ‘ಕರ್ನಾಟಕ’. ರೂಟ್ ಪಟ್ಟಿಯನ್ನು ನೋಡಿಕೊಳ್ಳುವುದು ಐಯಾನಾ, ಅಂದರೆ ಇಂಟರ್ನೆಟ್ ಹೆಸರುಗಳ ಉಸ್ತುವಾರಿಯ ಅಂತರರಾಷ್ಟ್ರೀಯ ಸಂಸ್ಥೆ ಐಕಾನ್‌ನ ವಿಭಾಗ. ಯಾವುದು ದೇಶ, ಯಾವುದು ಅಲ್ಲ ಎಂಬ ತಂಟೆಗೆ ಅದು ಹೋಗುವುದಿಲ್ಲ. ದೇಶಗಳಿಗೆ ಸಂಕೇತ ಕೊಡುವ ಐಎಸ್‌ಒ 3166 ಎಂಬ ಅಂತರರಾಷ್ಟ್ರೀಯ ಪಟ್ಟಿಯ ಎರಡಕ್ಷರದ ಸಂಕೇತಗಳನ್ನು ಹಾಗೇ ತೆಗೆದುಕೊಳ್ಳುತ್ತದೆ. ಈ ಏರ್ಪಾಡಿನ ಹಿಂದಿದ್ದ ಜಾನ್ ಪೋಸ್ಟೆಲ್ 1994ರಲ್ಲೇ ಬರೆದಿಟ್ಟಿದ್ದಾರೆ: ದೇಶದ ಡೊಮೇನ್ ನಡೆಸುವವರು ಒಡೆತನದ ಮಾತಾಡಕೂಡದು, ಅವರು ಅದರ ಧರ್ಮದರ್ಶಿಗಳು ಮಾತ್ರ.

‘ಇನ್’ ಭಾರತಕ್ಕೆ ಸಿಕ್ಕಿದ್ದು 1989ರಲ್ಲಿ. ಬಹುಕಾಲ ನಿಯಮಗಳು ಎಷ್ಟು ಬಿಗಿಯಾಗಿದ್ದವೆಂದರೆ, ನಮ್ಮ ಕಂಪನಿಗಳೇ ಡಾಟ್ ಕಾಮ್ ಕಡೆಗೆ ಹೋದವು. 2005ರಲ್ಲಿ ನಿಕ್ಸಿ ಎಂಬ ಲಾಭರಹಿತ ಸಂಸ್ಥೆ ನೋಂದಣಿಯ ಹೊಣೆ ಹೊತ್ತ ಮೇಲೆ ಬಾಗಿಲು ತೆರೆಯಿತು. ಈಗ ವಿದೇಶದವರೂ ಡಾಟ್ ಇನ್ ಪಡೆಯಬಹುದು.

ಎರಡನೆಯದು, ಯಾವ ವಿಭಾಗ ಎಂಬ ತೀರ್ಮಾನ. ನೇರವಾಗಿ ಡಾಟ್ ಇನ್ ಸಿಕ್ಕರೆ ಅದೇ ಒಳ್ಳೆಯದು. ಕಂಪನಿಗೆ ‘ಕೊ ಡಾಟ್ ಇನ್’, ಸಂಘಕ್ಕೆ ‘ಆರ್ಗ್ ಡಾಟ್ ಇನ್’ ಕೂಡ ಇವೆ. ಸರ್ಕಾರಿ ಕಚೇರಿಗಳ ‘ಗವ್’ ಕೊಡುವುದು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ, ವಿದ್ಯಾಸಂಸ್ಥೆಗಳ ‘ಎಸಿ’ ಕೊಡುವುದು ಶಿಕ್ಷಣ-ಸಂಶೋಧನಾ ಜಾಲ ನಡೆಸುವ ಅರ್ನೆಟ್. ಉಳಿದವರು ಅರ್ಜಿ ಹಾಕಿ ಪ್ರಯೋಜನವಿಲ್ಲ. ‘ಬ್ಯಾಂಕ್ ಡಾಟ್ ಇನ್’ ಕೂಡ ಹಾಗೆಯೇ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು, ನೋಂದಣಿ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿ ಮೂಲಕವಷ್ಟೇ. ಹಿಂದಿನಿಂದ ಓದುವ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ: ವಂಚಕನ ಲಿಂಕಿನಲ್ಲಿ ‘ಬ್ಯಾಂಕ್ ಡಾಟ್ ಇನ್’ ಎಂಬ ಅಕ್ಷರಗಳು ನಡುವೆ ಎಲ್ಲೋ ಇರಬಹುದು, ಆದರೆ ‘ಬ್ಯಾಂಕ್’ಗೂ ಮೊದಲು ಚುಕ್ಕೆಯಿರುವ ‘ಡಾಟ್ ಬ್ಯಾಂಕ್ ಡಾಟ್ ಇನ್’ ಹೆಸರಿನ ಕೊನೆಯಲ್ಲಿ ಇರಲಾರದು. ‘ಡಾಟ್ ಭಾರತ’ ಎಂದು ಕನ್ನಡ ಲಿಪಿಯಲ್ಲೇ ಕೊನೆಗೊಳ್ಳುವ ಹೆಸರೂ ಸಿಗುತ್ತದೆ. ಆಸೆಪಟ್ಟು ಪಡೆಯಿರಿ, ಆದರೆ ಜೊತೆಗೆ ಡಾಟ್ ಇನ್ ಕೂಡ ಇಟ್ಟುಕೊಳ್ಳಿ. ಕನ್ನಡದ ಇಮೇಲ್ ವಿಳಾಸವನ್ನು ಒಪ್ಪದ ಅರ್ಜಿ ನಮೂನೆಗಳು ಇನ್ನೂ ಬೇಕಾದಷ್ಟಿವೆ.

ಮೂರನೆಯದು ನೋಂದಣಿ. ಸಾಮಾನ್ಯರಿಗೆ ನಿಕ್ಸಿ ನೇರವಾಗಿ ಹೆಸರು ಕೊಡುವುದಿಲ್ಲ, ಅದು ಮಾನ್ಯತೆ ಕೊಟ್ಟ ರಿಜಿಸ್ಟ್ರಾರ್‌ಗಳ, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿಗಳ ಮೂಲಕವೇ ಪಡೆಯಬೇಕು. ಎಚ್ಚರ ಬೇಕಾದ ಜಾಗ ಇದು. ಅರ್ಜಿಯಲ್ಲಿ ‘ರಿಜಿಸ್ಟ್ರಂಟ್’ ಎಂಬ ಸಾಲಿದೆ. ಪಹಣಿಯಲ್ಲಿನ ಹೆಸರಿನಂತೆ ಇದು. ಸೈಟ್ ಮಾಡಿಕೊಡುವ ಹುಡುಗ ಕೆಲಸ ಬೇಗ ಮುಗಿಯಲೆಂದು ಅಲ್ಲಿ ತನ್ನ ಹೆಸರು, ತನ್ನ ಇಮೇಲ್ ತುಂಬಿದರೆ, ದುಡ್ಡು ಕೊಟ್ಟವರು ನೀವಾದರೂ ಹೆಸರು ಅವನದು. ಆದ್ದರಿಂದ ಖಾತೆಯನ್ನು ನೀವೇ ತೆರೆಯಿರಿ. ಆದರೆ ಅಲ್ಲಿ ಅದೇ ಡೊಮೇನಿನ ಇಮೇಲ್ ಕೊಡಬೇಡಿ. ಹೆಸರಿನ ಅವಧಿ ಮುಗಿದ ದಿನ ಆ ಅಂಚೆಪೆಟ್ಟಿಗೆಯೂ ಮುಚ್ಚುತ್ತದೆ, ನವೀಕರಣದ ಎಚ್ಚರಿಕೆ ಯಾರಿಗೂ ತಲುಪುವುದಿಲ್ಲ. ಡಾಟ್ ಇನ್‌ನಲ್ಲಿ ಬೇನಾಮಿಗೆ ಅವಕಾಶವಿಲ್ಲ, ಗುರುತಿನ ದಾಖಲೆ ಸಿದ್ಧವಿರಲಿ.

ಬಳಿಕ ಡೊಮೇನುಗಳ ಸಾರ್ವಜನಿಕ ದಾಖಲೆಯಾದ ಹೂಈಸ್ ಹುಡುಕಾಟದಲ್ಲಿ ನಿಮ್ಮ ಡೊಮೇನ್ ಹೆಸರನ್ನು ಹಾಕಿ ನೋಡಿ. ವೈಯಕ್ತಿಕ ವಿವರ ಮುಚ್ಚಿರಬಹುದು. ಆದರೂ ರಿಜಿಸ್ಟ್ರಾರ್ ಯಾರು, ಅವಧಿ ಮುಗಿಯುವ ದಿನ ಯಾವುದು, ಹೆಸರು ಯಾವ ಕಂಪ್ಯೂಟರ್‌ನಲ್ಲಿದೆ ಎಂದು ಹೇಳುವ ನೇಮ್‌ಸರ್ವರ್ ಯಾವುದು ಎಂಬುದು ಕಾಣುತ್ತದೆ. ಸ್ಟೇಟಸ್ ಸಾಲಿನಲ್ಲಿ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂದಿದ್ದರೆ ಗಾಬರಿಯಾಗಬೇಡಿ, ಬೀಗ ಬಿದ್ದಿದೆ ಎಂದರ್ಥ. ರಿಜಿಸ್ಟ್ರಾರ್ ಬದಲಿಸುವಾಗ ಆ ಬೀಗ ತೆಗೆದು ರಹಸ್ಯ ಸಂಕೇತ ಪಡೆಯಬೇಕಾಗುತ್ತದೆ. ಆ ಸಂಕೇತವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಉದಾರಿಗಳೂ ಇದ್ದಾರೆ!

ನವೀಕರಣ ತಪ್ಪಿದರೆ ಹೆಸರು ಕೂಡಲೇ ಕೈಬಿಟ್ಟು ಹೋಗುವುದಿಲ್ಲ. ಕೆಲವು ದಿನ ಮಾಮೂಲಿ ಶುಲ್ಕಕ್ಕೆ, ಆಮೇಲೆ ಕೆಲವು ದಿನ ದುಬಾರಿ ದಂಡಕ್ಕೆ ವಾಪಸ್ ಸಿಗುತ್ತದೆ. ಅದೂ ದಾಟಿದರೆ ಮೊದಲು ಬಂದವರ ಪಾಲು.

ನಿಮ್ಮ ವ್ಯಾಪಾರದ ಹೆಸರನ್ನು ಬೇರೆಯವರು ಹಿಡಿದು ಕೂತಿದ್ದರೆ ನಿಕ್ಸಿಗೆ ಡಾಟ್ ಇನ್ ವಿವಾದ ಪರಿಹಾರ ನೀತಿಯಾದ ‘ಐಎನ್‌ಡಿಆರ್‌ಪಿ’ ಅಡಿಯಲ್ಲಿ ದೂರು ಕೊಡಬಹುದು. ಹೆಸರು ನಿಮ್ಮದನ್ನು ಹೋಲುತ್ತದೆ, ಅವರಿಗೆ ಅದರಲ್ಲಿ ನ್ಯಾಯವಾದ ಹಿತವಿಲ್ಲ, ದುರುದ್ದೇಶವಿದೆ ಎಂದು ತೋರಿಸಬೇಕು. ನಿಕ್ಸಿ ನೇಮಿಸುವ ಮಧ್ಯಸ್ಥಗಾರರು ಕಾಗದಪತ್ರ ನೋಡಿ ಹೆಸರನ್ನು ನಿಮಗೆ ವರ್ಗಾಯಿಸಬಹುದು ಅಥವಾ ರದ್ದು ಮಾಡಬಹುದು. ಕಳೆದುಕೊಂಡ ವ್ಯಾಪಾರಕ್ಕೆ ಪರಿಹಾರವೂ ಬೇಕೆಂದರೆ ನ್ಯಾಯಾಲಯಕ್ಕೇ ಹೋಗಬೇಕು.